ಮುಂಗಡ ಕೊಟ್ಟವರು ಯಾರು? ಬಾಜೊ ಜನರ ಕಡಲ್ಗಳ್ಳತನ ಮತ್ತು ಕಡಲ ರಕ್ಷಣೆ

ಆಗ್ನೇಯ ಏಷ್ಯಾದ ಕಡಲಲ್ಲಿ ಬಾಳುವ ಬಾಜೊ ಜನರ ಬಗ್ಗೆ ಹುಡುಕಿದರೆ ಎರಡು ಥರದ ಮಾತು ಸಿಗುತ್ತದೆ. ಒಂದು ಹಳೆಯದು: ಇವರು ಕಡಲ್ಗಳ್ಳರು, ಊರು ಸುಟ್ಟು ಜನರನ್ನು ಹೊತ್ತೊಯ್ಯುತ್ತಿದ್ದವರು. ಇನ್ನೊಂದು ಈಚಿನದು: ಇವರು ಕಡಲಿನ ಮಕ್ಕಳು, ಹವಳವನ್ನು ಜೀವದಂತೆ ಕಾಯುವವರು. ಮೊದಲನೆಯದನ್ನು ಹೇಳಿದವರು ಆ ಕಡಲನ್ನು ಆಳಲು ಹೊರಟಿದ್ದ ಯುರೋಪಿನ ಅಧಿಕಾರಿಗಳು. ಎರಡನೆಯದನ್ನು ಹೇಳುತ್ತಿರುವವರು ಪ್ರವಾಸದ ವಿಡಿಯೊ ಮಾಡುವವರು. ಇಬ್ಬರೂ ಒಬ್ಬನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವನು ದೋಣಿಗೆ ಮುಂಗಡ ಕೊಟ್ಟವನು.

ಮುಂಗಡ ಎಂದರೆ ಏನು ಎಂಬುದನ್ನು ಕೋಲಾರದ ಟೊಮೆಟೊ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರಕ್ಕೆ ಮಂಡಿಯವರಿಂದ ದುಡ್ಡು ತಂದರೆ ಹಣ್ಣಿನ ಬಾಕ್ಸು ಆ ಮಂಡಿಗೇ ಹೋಗಬೇಕು. ರೇಟು ಬಿದ್ದ ದಿನವೂ ಅಲ್ಲಿಗೇ. ಸಾಲ ಪೂರ್ತಿ ತೀರುವ ಹೊತ್ತಿಗೆ ಮುಂದಿನ ಬೆಳೆಗೆ ಮತ್ತೆ ಮುಂಗಡ ಬೇಕಾಗಿರುತ್ತದೆ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಬಾಜೊ ಹಳ್ಳಿಗಳಲ್ಲಿ ಇದೇ ಲೆಕ್ಕ ದೋಣಿ, ಎಂಜಿನ್, ಬಲೆ, ಅಕ್ಕಿಯ ಮೇಲೆ ನಡೆಯುತ್ತದೆ. ಮುಂಗಡ ಕೊಡುವ ಯಜಮಾನನನ್ನು ಅಲ್ಲಿ ಪುಂಗಾವ ಎನ್ನುತ್ತಾರೆ, ಅವನ ಕೈಕೆಳಗೆ ದುಡಿಯುವವರನ್ನು ಸಾವಿ ಎನ್ನುತ್ತಾರೆ. ಹಿಡಿದದ್ದು ಪುಂಗಾವನಿಗೇ, ಅವನು ಹೇಳಿದ ದರಕ್ಕೇ. ಈ ಒಂದು ಏರ್ಪಾಡನ್ನು ಹಿಡಿದುಕೊಂಡು ಹೋದರೆ 18ನೇ ಶತಮಾನದ ದಾಳಿಗಳಿಂದ ಇವತ್ತಿನ ಬಾಂಬು ಮೀನುಗಾರಿಕೆಯವರೆಗೆ ದಾರಿ ಕಾಣುತ್ತದೆ.

ಮೊದಲು ಜನರ ಪರಿಚಯ. ಸಾಮಾ ಗುಂಪಿನ ಭಾಷೆಗಳನ್ನಾಡುವ ಇವರು ಫಿಲಿಪೀನ್ಸಿನ ದಕ್ಷಿಣದ ಸೂಲು ದ್ವೀಪಗಳು, ಮಲೇಷ್ಯಾದ ಸಬಾ ರಾಜ್ಯದ ಪೂರ್ವ ತೀರ, ಇಂಡೋನೇಷ್ಯಾದ ಸುಲಾವೆಸಿ ಸುತ್ತಲಿನ ದ್ವೀಪಗಳಲ್ಲಿ ಹರಡಿಕೊಂಡಿದ್ದಾರೆ. ಸಬಾ ಮತ್ತು ಸೂಲುವಿನಲ್ಲಿ ಬಾಜಾವ್, ಇಂಡೋನೇಷ್ಯಾದಲ್ಲಿ ಬಾಜೊ. ಹಿಂದೆ ಬಹಳಷ್ಟು ಕುಟುಂಬಗಳು ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬಾಳಿದವು. ಈಗ ಹೆಚ್ಚಿನವರು ಆಳವಿಲ್ಲದ ನೀರಿನ ಮೇಲೆ ಕಂಬ ನೆಟ್ಟ ಮನೆಗಳಲ್ಲಿದ್ದಾರೆ. ಮುಳುಗುವುದರಲ್ಲಿ ಇವರ ದೇಹವೇ ಬೇರೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಾಜೊಗಳ ಗುಲ್ಮ (ಸ್ಪ್ಲೀನ್), ನೆಲದ ಮೇಲೆ ಬೇಸಾಯ ಮಾಡುವ ನೆರೆಯ ಸಲುವಾನ್ ಜನರದ್ದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದು. ಮುಳುಗಿದಾಗ ಗುಲ್ಮ ಸಂಕುಚಿಸಿ, ತನ್ನಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ, ಅಷ್ಟು ಆಮ್ಲಜನಕ ಹೆಚ್ಚು ಸಿಗುತ್ತದೆ. ಮುಳುಗುವ ಕೆಲಸ ಮಾಡದ ಬಾಜೊಗಳಲ್ಲೂ ಗುಲ್ಮ ದೊಡ್ಡದಿದ್ದದ್ದರಿಂದ ಇದು ಅಭ್ಯಾಸದ ಫಲವಷ್ಟೇ ಆಗಿರಲಾರದು, ತಲೆಮಾರುಗಳಿಂದ ಬಂದದ್ದು ಎಂದು ಸಂಶೋಧಕರು ತೀರ್ಮಾನಿಸಿದರು.

ಇಂಥ ಜನರ ಮೇಲೆ ಹೊರಗಿನ ವ್ಯಾಪಾರಿಯ ಕಣ್ಣು ಬೀಳಲು ಕಾರಣ ಒಂದು ನಿಧಾನದ, ನೋಡಲು ಏನೂ ಚೆಂದವಿಲ್ಲದ ಪ್ರಾಣಿ. ಕಡಲಸೌತೆ. ವ್ಯಾಪಾರದಲ್ಲಿ ಇದರ ಹೆಸರು ಟ್ರೆಪಾಂಗ್. ಚೀನಾದಲ್ಲಿ ಇದು ಹಬ್ಬದೂಟದ ಪದಾರ್ಥ, ಔಷಧಿಯೂ ಹೌದು. ಮರಳಿನಲ್ಲಿ ಹೂತುಕೊಂಡಿರುವ ಬೂದು ಬಣ್ಣದ ಜಾತಿಗೆ ಒಳ್ಳೆಯ ಬೆಲೆ. ಹವಳದ ದಿಬ್ಬಗಳಲ್ಲಿ ಸಿಗುವ, ಹೊಟ್ಟೆಯ ಪಕ್ಕಕ್ಕೆ ಮೊಲೆಯಂಥ ಉಬ್ಬುಗಳಿರುವ ಕಪ್ಪು ಜಾತಿಗೂ ಹಾಗೆಯೇ.

ಇದನ್ನು ಹಿಡಿಯುವುದಕ್ಕೆ ಬಲೆ ಬೇಡ, ಗಾಳ ಬೇಡ. ಇಳಿತದ ಹೊತ್ತಿನಲ್ಲಿ ಬಗ್ಗಿ ಆರಿಸುವುದು, ಇಲ್ಲವೇ ಉಸಿರು ಹಿಡಿದು ಮುಳುಗಿ ಎತ್ತಿಕೊಂಡು ಬರುವುದು. ಕಷ್ಟವಿರುವುದು ಆಮೇಲೆ. ಮೊದಲು ಜಾತಿಗೆ ತಕ್ಕ ಜಾಗದಲ್ಲಿ ಸೀಳಿ ಕರುಳು ತೆಗೆಯಬೇಕು. ಸೀಳು ತಪ್ಪಿದರೆ ಒಣಗುವಾಗ ಮೈ ತಿರುಚಿಕೊಳ್ಳುತ್ತದೆ, ವ್ಯಾಪಾರಿ ಅದನ್ನು ಕೆಳಗಿನ ದರ್ಜೆಗೆ ಹಾಕುತ್ತಾನೆ. ನಂತರ ದೊಡ್ಡ ಕಬ್ಬಿಣದ ಕೊಪ್ಪರಿಗೆಯಲ್ಲಿ ಬೇಯಿಸಬೇಕು, ಕೈ ಬಿಡದೆ ತಿರುಗಿಸುತ್ತಿರಬೇಕು. ತಳಕ್ಕೆ ತಾಗಿ ನಿಂತದ್ದು ಸುಟ್ಟು ಕಲೆಯಾಗುತ್ತದೆ, ಬೆಂದದ್ದು ಹೆಚ್ಚಾದರೆ ಚರ್ಮ ಒಡೆಯುತ್ತದೆ. ಮರಳಿನ ಜಾತಿಯ ಚರ್ಮದಲ್ಲಿ ಸುಣ್ಣದ ಸಣ್ಣ ಕಣಗಳಿರುತ್ತವೆ, ಅವು ಉಳಿದರೆ ತಿನ್ನುವವರ ಹಲ್ಲಿಗೆ ಮರಳು ಸಿಕ್ಕಂತೆ. ಅದಕ್ಕೇ ಬೆಂದದ್ದನ್ನು ರಾತ್ರಿಯಿಡೀ ಒದ್ದೆ ಮರಳಿನಲ್ಲಿ ಹೂತು, ಮೇಲ್ಪದರ ಮೆತ್ತಗಾದ ಮೇಲೆ ಉಜ್ಜಿ ತೊಳೆಯುತ್ತಾರೆ. ಕೆಲವು ಕಡೆ ಪರಂಗಿ ಎಲೆಯನ್ನೂ ಬಳಸುತ್ತಾರೆ. ಮತ್ತೊಮ್ಮೆ ಬೇಯಿಸಿ, ಕೊನೆಗೆ ಬಿಸಿಲಿನಲ್ಲೋ ಹೊಗೆಗೂಡಿನಲ್ಲೋ ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಬೇಕು. ಒಳಗೆ ತೇವ ಉಳಿದರೆ ಹಡಗಿನ ಹೊಟ್ಟೆಯಲ್ಲಿ ಬೂಷ್ಟು ಹಿಡಿದು ಮೂಟೆಗೆ ಮೂಟೆಯೇ ಹೋಗುತ್ತದೆ. ನೂರು ಕಿಲೋ ಹಸಿ ಮಾಲಿಗೆ ಉಳಿಯುವುದು ಸುಮಾರು ಐದು ಕಿಲೋ.

ಈ ಕೆಲಸಕ್ಕೆ ಕೈಗಳು ಬೇಕು, ತುಂಬಾ ಕೈಗಳು. ಸೂಲುವಿನ ಇತಿಹಾಸ ತಿರುಗಿದ್ದು ಇಲ್ಲಿ.

ಬ್ರಿಟನ್ನಿನಲ್ಲಿ ಚಹಾ ಕುಡಿಯುವವರು ಹೆಚ್ಚಿದರು. ಚಹಾ ಸಿಗುತ್ತಿದ್ದದ್ದು ಕ್ಯಾಂಟನ್ನಿನಲ್ಲಿ, ಚೀನೀಯರು ಬೆಳ್ಳಿ ಕೇಳುತ್ತಿದ್ದರು. ಬೆಳ್ಳಿ ಉಳಿಸಬೇಕೆಂದರೆ ಚೀನೀಯರಿಗೆ ಬೇಕಾದ ಬೇರೆ ಸರಕು ಹುಡುಕಬೇಕು: ಟ್ರೆಪಾಂಗ್, ಮುತ್ತಿನ ಚಿಪ್ಪು, ಗುಹೆಯ ಹಕ್ಕಿಗೂಡು, ಶಾರ್ಕ್ ಮೀನಿನ ರೆಕ್ಕೆ. ಇವೆಲ್ಲ ಸೂಲು ಸುಲ್ತಾನನ ನೀರಿನಲ್ಲಿ ಮತ್ತು ಕಾಡಿನಲ್ಲಿದ್ದವು. ಇತ್ತ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯೊಂದಿಗೆ 1769ರವರೆಗೆ ಯುದ್ಧ ಮಾಡಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿ, ಅತ್ತ ಸೂಲುವಿನ ಬಾಗಿಲಲ್ಲೇ ಬಾಲಂಬಂಗಾನ್ ದ್ವೀಪದಲ್ಲಿ 1773ರಲ್ಲಿ ಮಳಿಗೆ ತೆರೆಯಿತು. ಎರಡು ವರ್ಷದಲ್ಲಿ ಸೂಲುವಿನವರು ಅದನ್ನು ಧ್ವಂಸ ಮಾಡಿದರೂ ವ್ಯಾಪಾರ ನಿಲ್ಲಲಿಲ್ಲ. ಖಾಸಗಿ ವರ್ತಕರು ಬಂದೂಕು, ಮದ್ದು, ಬಟ್ಟೆ, ಅಫೀಮು ತಂದು ಸುರಿದರು, ಟ್ರೆಪಾಂಗ್ ತುಂಬಿಕೊಂಡು ಹೋದರು.

ಟ್ರೆಪಾಂಗ್ ಆರಿಸಲು ಜನ ಸಾಲದಾದಾಗ ಜೊಲೊ ದ್ವೀಪದ ತೌಸುಗ್ ದೊರೆಗಳು, ಅಂದರೆ ದಾತುಗಳು, ಜನರನ್ನೇ ಹಿಡಿದು ತರಿಸಿದರು. ದಾಳಿಗೆ ಹೋದವರು ಮುಖ್ಯವಾಗಿ ಇರಾನುನ್ ಮತ್ತು ಬಾಲಂಗಿಂಗಿ ಗುಂಪುಗಳು. ದೋಣಿಗೆ ಬೇಕಾದ ಸಾಮಾನು, ಮದ್ದುಗುಂಡು, ಅಕ್ಕಿ ದಾತುವಿನಿಂದ ಮುಂಗಡ. ಹಿಂದಿರುಗಿದ ಮೇಲೆ ಹಿಡಿದು ತಂದ ಜನರಲ್ಲಿ ಅವನ ಪಾಲು ಕೊಟ್ಟು ತೀರಿಸಬೇಕು. ಬಾಲಂಗಿಂಗಿಗಳ ದಾಳಿಯ ಹಡಗು ಗರಾಯ್. ಮೂತಿಯಲ್ಲಿ ಫಿರಂಗಿ, ಹಾಯಿಯೂ ಇದೆ, ಹುಟ್ಟೂ ಇದೆ, ನೂರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಜೊತೆಗೆ ಸಣ್ಣ, ಕಿರಿದಾದ ದೋಣಿಗಳು ದಡಕ್ಕೆ ನುಗ್ಗಿ ಜನರನ್ನು ಹಿಡಿದು ತರುತ್ತಿದ್ದವು. ಇತಿಹಾಸಕಾರ ಜೇಮ್ಸ್ ವಾರೆನ್ ಅವರ ಅಂದಾಜಿನಲ್ಲಿ 1770ರಿಂದ 1870ರ ನಡುವೆ ಸೂಲುವಿಗೆ ಹೀಗೆ ಬಂದವರು ಎರಡರಿಂದ ಮೂರು ಲಕ್ಷ ಮಂದಿ.

ಇಲ್ಲಿ ಒಂದು ಗೆರೆ ಸ್ಪಷ್ಟವಾಗಿ ಎಳೆಯಬೇಕು, ಏಕೆಂದರೆ ಹೆಚ್ಚಿನ ಬರಹಗಳು ಇದನ್ನು ಕಲಸಿಬಿಡುತ್ತವೆ. ಬಾಲಂಗಿಂಗಿಗಳು ಆಡಿದ್ದು ಸಾಮಾ ಭಾಷೆ, ಆದರೆ ಅವರ ಗುಂಪಿನಲ್ಲಿ ಬಹುಪಾಲು ಸೆರೆಸಿಕ್ಕವರು ಮತ್ತು ಅವರ ಮಕ್ಕಳು. ಫಿಲಿಪೀನ್ಸಿನ ಲುಜಾನ್, ವಿಸಾಯ ದ್ವೀಪಗಳಿಂದ ಮತ್ತು ಸುಲಾವೆಸಿಯಿಂದ ಹಿಡಿದು ತಂದವರು ಒಂದೆರಡು ತಲೆಮಾರಿನಲ್ಲಿ ಬಾಲಂಗಿಂಗಿಗಳೇ ಆಗಿ, ತಾವೂ ದಾಳಿಗೆ ಹೋದರು. ದೋಣಿಮನೆಯ ಬಾಜಾವ್‌ಗಳ ಪಾಲಿಗೆ ಬಂದದ್ದು ಬೇರೆ ಕೆಲಸ. ಅವರು ದಾತುವಿನ ಆಶ್ರಯದಲ್ಲಿ ಟ್ರೆಪಾಂಗ್ ಮತ್ತು ಮುತ್ತಿನ ಚಿಪ್ಪು ಎತ್ತುವವರು. ಆಶ್ರಯ ತಪ್ಪಿದರೆ ಅವರೂ ಸೆರೆ. ಬಾಜೊಗಳು ದಾಳಿಗೆ ಹೋಗಲೇ ಇಲ್ಲ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. 16ನೇ ಶತಮಾನದ ಆರಂಭದಲ್ಲೇ ಪೋರ್ಚುಗೀಸರ ಬರಹದಲ್ಲಿ ಈ ಹೆಸರಿನ ಕಡಲ್ಗಳ್ಳರ ಉಲ್ಲೇಖ ಬರುತ್ತದೆ. ಒಂದು ಇಡೀ ಜನಾಂಗಕ್ಕೆ ಆ ಹಣೆಪಟ್ಟಿ ಅಂಟಿಸಿದ್ದು ಮಾತ್ರ ಅನ್ಯಾಯ.

ದಾಳಿಗಳ ಬೆನ್ನುಮೂಳೆ ಮುರಿದದ್ದು ಹಬೆಯಂತ್ರ. 1848ರ ಫೆಬ್ರುವರಿಯಲ್ಲಿ ಫಿಲಿಪೀನ್ಸನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಹಬೆಹಡಗುಗಳೊಂದಿಗೆ ಬಾಲಂಗಿಂಗಿ ದ್ವೀಪದ ಕೋಟೆಗಳ ಮೇಲೆ ಬಿದ್ದ. ಗಾಳಿ ಬಿದ್ದಾಗ ಹಾಯಿಹಡಗು ನಿಂತಲ್ಲೇ ನಿಲ್ಲುತ್ತದೆ, ಆಗ ಹುಟ್ಟಿನ ಗರಾಯ್ ತಪ್ಪಿಸಿಕೊಳ್ಳುತ್ತಿತ್ತು. ಹಬೆಹಡಗಿನ ಮುಂದೆ ಆ ಅನುಕೂಲ ಉಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಸೆರೆಸಿಕ್ಕ ಬಾಲಂಗಿಂಗಿ ಕುಟುಂಬಗಳನ್ನು ಲುಜಾನಿನ ಕಗಾಯಾನ್ ಕಣಿವೆಯ ಹೊಗೆಸೊಪ್ಪಿನ ಹೊಲಗಳಿಗೆ ಸಾಗಿಸಿದರು. ಟ್ರೆಪಾಂಗ್ ಕೊಂಡ ವರ್ತಕರ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ.

ದಕ್ಷಿಣದ ಬಾಜೊಗಳ ಕಥೆ ಬೇರೆ ದಿಕ್ಕಿನದು. ಸುಲಾವೆಸಿಯ ಬಂದರು ಮಕಾಸ್ಸರಿನಿಂದ ಮಳೆಗಾಳಿ ಹಿಡಿದು ಆಸ್ಟ್ರೇಲಿಯಾದ ಉತ್ತರ ತೀರಕ್ಕೆ ಟ್ರೆಪಾಂಗ್ ಹಡಗುಗಳು ಹೋಗುತ್ತಿದ್ದವು, ಅವುಗಳ ಆಳುಗಳಲ್ಲಿ ಬಾಜೊಗಳೂ ಇದ್ದರು. 1803ರ ಫೆಬ್ರುವರಿಯಲ್ಲಿ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಅಲ್ಲಿ ಪೊಬಾಸ್ಸೊ ಎಂಬ ನಾಯಕನನ್ನು ಕಂಡಾಗ, ಆ ಋತುವಿನಲ್ಲಿ 60 ಹಡಗು, ಸಾವಿರ ಜನ ಬಂದಿದ್ದೇವೆ ಎಂದು ಆತ ಹೇಳಿದ. ದಡದಲ್ಲಿ ಕಲ್ಲಿನ ಸಾಲು ಒಲೆಗಳು, ಅವುಗಳ ಮೇಲೆ ಕೊಪ್ಪರಿಗೆ, ಪಕ್ಕದಲ್ಲಿ ಬಿದಿರಿನ ಹೊಗೆಗೂಡು. ಒಲೆಗಳ ಕಲ್ಲು ಇವತ್ತಿಗೂ ಅಲ್ಲಿವೆ. ಅವರು ತಂದಿದ್ದ ಹುಣಸೆಹಣ್ಣಿನ ಬೀಜದಿಂದ ಎದ್ದ ಮರಗಳೂ ಇವೆ. ಹುಣಸೆಯ ನೆರಳಿನಲ್ಲಿ ಬೆಳೆದ ತುಮಕೂರು, ಕೋಲಾರದವರಿಗೆ ಆರ್ನ್‌ಹೆಮ್ ತೀರದ ಆ ಮರಗಳ ಚಿತ್ರ ನೋಡಿದರೆ ಗುರುತು ಹತ್ತದೇ ಇರುವುದಿಲ್ಲ. 1907ರ ಹೊತ್ತಿಗೆ ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆ ತೀರದ ಮೂಲನಿವಾಸಿಗಳೊಂದಿಗೆ ತಲೆಮಾರುಗಳಿಂದ ನಡೆದುಕೊಂಡು ಬಂದಿದ್ದ ಕೊಡುಕೊಳ್ಳುವಿಕೆಯೂ ಅದರೊಂದಿಗೆ ನಿಂತಿತು.

ದೂರ ಸಮುದ್ರದ ಹವಳದಿಬ್ಬಗಳಿಗೆ ಬಾಜೊಗಳು ಹೋಗುವುದು ಮಾತ್ರ ಮುಂದುವರಿಯಿತು. 1974ರಲ್ಲಿ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾ ಒಂದು ಒಪ್ಪಂದ ಮಾಡಿಕೊಂಡವು. ಐದು ಜಾಗಗಳಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ಅವಕಾಶ: ಆ್ಯಶ್‌ಮೋರ್, ಕಾರ್ಟಿಯರ್, ಸ್ಕಾಟ್, ಬ್ರೌಸ್, ಇನ್ನೊಂದರ ಹೆಸರು ಸೆರಿಂಗಪಟಂ. ಹೌದು, ನಮ್ಮ ಶ್ರೀರಂಗಪಟ್ಟಣದ ಇಂಗ್ಲಿಷ್ ರೂಪವೇ. 1979ರಲ್ಲಿ ಆಸ್ಟ್ರೇಲಿಯಾ ತನ್ನ ಮೀನುಗಾರಿಕೆ ವಲಯವನ್ನು 200 ನಾಟಿಕಲ್ ಮೈಲಿಗೆ ಹಿಗ್ಗಿಸಿತು. 1983ರಲ್ಲಿ ಆ್ಯಶ್‌ಮೋರ್ ರಕ್ಷಿತ ಪ್ರದೇಶವಾಯಿತು. 1989ರಲ್ಲಿ ಐದೂ ಜಾಗಗಳನ್ನು ಸುತ್ತುವರಿದು, ಸುಮಾರು 50,000 ಚದರ ಕಿಲೋಮೀಟರಿನ ಒಂದು ಚೌಕವನ್ನು ನಕ್ಷೆಯ ಮೇಲೆ ಗೀಚಿದರು.

ಚೌಕದ ಒಳಗೆ ಬರಲು ಮುಖ್ಯ ಷರತ್ತು: ದೋಣಿ ಹಾಯಿಯದ್ದಾಗಿರಬೇಕು, ಎಂಜಿನ್ ಕೂಡದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ನೀರಿನ ಮೇಲೆ ಏನಾಗುತ್ತದೆ ನೋಡಿ. ಗಾಳಿ ಮತ್ತು ಪ್ರವಾಹ ಹಾಯಿದೋಣಿಯನ್ನು ಗೆರೆಯಾಚೆ ತಳ್ಳಿದರೆ ಅದು ಅಪರಾಧ. ಚಂಡಮಾರುತ ಎದ್ದರೆ ಓಡಿಹೋಗಲು ಎಂಜಿನ್ ಇಲ್ಲ. ಗೆರೆ ದಾಟಿ ಸಿಕ್ಕಿಬಿದ್ದ ದೋಣಿಗಳನ್ನು ಬ್ರೂಮ್, ಡಾರ್ವಿನ್ ಬಂದರುಗಳಿಗೆ ಎಳೆದೊಯ್ದು ಸುಟ್ಟರು. ದೋಣಿ ಸುಟ್ಟರೂ ಅದರ ಮೇಲಿನ ಸಾಲ ಸುಡುವುದಿಲ್ಲ. ನಾವಿಕ ಊರಿಗೆ ಬಂದು ಸಾಲ ತೀರಿಸಲು ಮತ್ತೊಬ್ಬರ ದೋಣಿ ಹತ್ತುತ್ತಾನೆ, ಈ ಬಾರಿ ಇನ್ನೂ ಬೆಲೆಬಾಳುವ ಶಾರ್ಕ್ ರೆಕ್ಕೆಗೆ, ಇನ್ನೂ ದೂರಕ್ಕೆ. ಶಿಕ್ಷೆ ಕೊಟ್ಟು ಜನರನ್ನು ಹೆದರಿಸಬಹುದು ಎಂಬ ಲೆಕ್ಕ ತಪ್ಪಿದ್ದು ಇಲ್ಲಿ. ಹೆದರಿದವನಿಗೂ ಬಾಕಿ ಇದೆ.

ಹಾಗಾದರೆ ಕಡಲಸೌತೆ ಕಡಿಮೆಯಾಗಲಿಲ್ಲವೇ? ಖಂಡಿತ ಆಯಿತು, ಆ ದಿಬ್ಬಗಳಲ್ಲೂ ಬೇರೆಡೆಯೂ. ಅದು ಮತ್ತೆ ಹೆಚ್ಚುವುದು ಏಕೆ ಇಷ್ಟು ನಿಧಾನ ಎಂಬುದಕ್ಕೆ ಕಾರಣವಿದೆ. ಗಂಡು ಬೀಜವನ್ನೂ ಹೆಣ್ಣು ಮೊಟ್ಟೆಯನ್ನೂ ನೀರಿಗೆ ಬಿಡುತ್ತವೆ, ಅವು ನೀರಿನಲ್ಲೇ ಕೂಡಬೇಕು. ಪ್ರಾಣಿಗಳು ಒಂದಕ್ಕೊಂದು ಕೆಲವೇ ಮೀಟರ್ ದೂರದಲ್ಲಿದ್ದರೆ ಇದು ನಡೆಯುತ್ತದೆ. ದಿಬ್ಬದಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದರೆ ಬಿಟ್ಟದ್ದೆಲ್ಲ ನೀರಿನಲ್ಲಿ ಕರಗಿಹೋಗುತ್ತದೆ. ಎಂದರೆ ಪೂರ್ತಿ ನಾಶವಾಗುವ ಮೊದಲೇ ಸಂತಾನ ನಿಂತುಹೋಗುತ್ತದೆ. ಭಾರತದಲ್ಲಿ 2001ರಿಂದ ಎಲ್ಲ ಕಡಲಸೌತೆಗಳೂ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಮನ್ನಾರ್ ಕೊಲ್ಲಿಯಲ್ಲಿ ಕಳ್ಳಸಾಗಣೆ ಇನ್ನೂ ನಡೆಯುತ್ತದೆ, ಅಲ್ಲಿಯೂ ಸಿಕ್ಕಿಬೀಳುವವರು ಸಾಮಾನ್ಯವಾಗಿ ಮೂಟೆ ಹೊತ್ತವರು.

ಈಗ ಬಾಂಬಿನ ವಿಷಯ. ಇದರಲ್ಲಿ ಬಾಜೊಗಳನ್ನು ಸಮರ್ಥಿಸಿಕೊಳ್ಳಲು ಬರುವುದಿಲ್ಲ, ಸಮರ್ಥಿಸಬಾರದು ಕೂಡ. ಎರಡನೇ ಮಹಾಯುದ್ಧ ಬಿಟ್ಟುಹೋದ ಮದ್ದಿನಿಂದ ಈ ಪದ್ಧತಿ ಹರಡಿತು, ಆಮೇಲೆ ರಸಗೊಬ್ಬರದ ಬಾಟಲಿ ಬಾಂಬಿಗೆ ಬಂತು. ಒಂದು ಬಿಯರ್ ಬಾಟಲಿಯಷ್ಟು ಮದ್ದು ಒಂದೆರಡು ಮೀಟರ್ ಅಗಲದ ಹವಳವನ್ನು ಪುಡಿ ಮಾಡುತ್ತದೆ, ಅದಕ್ಕಿಂತ ಎಷ್ಟೋ ದೂರದವರೆಗೆ ಮೀನಿನ ಗಾಳಿಚೀಲ ಒಡೆಯುತ್ತದೆ. ಗಾಳಿಚೀಲ ಒಡೆದ ಮೀನಿನಲ್ಲಿ ಹೆಚ್ಚಿನದು ತೇಲದೆ ಮುಳುಗುತ್ತದೆ, ಆದ್ದರಿಂದ ಕೊಂದದ್ದರಲ್ಲಿ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ಒಂದೇ ಸ್ಫೋಟದ ಗಾಯವಾದರೆ ಸುತ್ತಲಿನ ಹವಳ ಐದಾರು ವರ್ಷಗಳಲ್ಲಿ ಅದನ್ನು ಮುಚ್ಚಬಲ್ಲದು. ಪದೇ ಪದೇ ಸಿಡಿಸಿದ ಕಡೆ ಉಳಿಯುವುದು ಹವಳದ ಚೂರುಗಳ ಬಯಲು. ಅಲೆ ಬಂದಂತೆ ಚೂರು ಉರುಳುತ್ತದೆ, ಅದರ ಮೇಲೆ ಕೂತ ಹೊಸ ಹವಳದ ಮರಿ ಜಜ್ಜಿ ಸಾಯುತ್ತದೆ. ಮರಿ ಬರುತ್ತಲೇ ಇದ್ದರೂ ನಿಲ್ಲಲು ನೆಲವಿಲ್ಲ.

ಸಯನೈಡ್ ಬಂದದ್ದು 1960ರ ದಶಕದಲ್ಲಿ, ಫಿಲಿಪೀನ್ಸಿನಲ್ಲಿ, ಗಾಜಿನ ತೊಟ್ಟಿಗಳ ಬಣ್ಣದ ಮೀನಿಗಾಗಿ. ನಂತರ ಹಾಂಗ್‌ಕಾಂಗಿನ ಹೋಟೆಲುಗಳಿಗೆ ಜೀವಂತ ಗ್ರೂಪರ್ ಮತ್ತು ನೆಪೋಲಿಯನ್ ಮೀನು ಬೇಕಾದಾಗ ಇಡೀ ಪ್ರದೇಶಕ್ಕೆ ಹರಡಿತು. ಬಿರುಕಿನಲ್ಲಿ ಅಡಗಿದ ಮೀನಿನ ಮೂತಿಗೆ ವಿಷ ಚಿಮ್ಮಿಸುತ್ತಾರೆ. ಜೀವಕೋಶಗಳು ಆಮ್ಲಜನಕ ಬಳಸಲಾರದೆ ಮೀನು ಎಚ್ಚರ ತಪ್ಪುತ್ತದೆ. ಒಳಗೆ ಸಿಕ್ಕಿಕೊಂಡದ್ದನ್ನು ತೆಗೆಯಲು ಹವಳವನ್ನೇ ಹಾರೆಯಿಂದ ಒಡೆಯುತ್ತಾರೆ. ಆ ಜಾಗದ ಹವಳ ಬಿಳಿಚಿ ಸಾಯುತ್ತದೆ. ಗ್ರೂಪರ್ ಮತ್ತು ನೆಪೋಲಿಯನ್ ಜಾತಿಯ ಮೀನು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುವಂಥವು. ದೊಡ್ಡವನ್ನೇ ಆರಿಸಿ ಹಿಡಿದರೆ ಗಂಡು ಉಳಿಯುವುದಿಲ್ಲ, ತಟ್ಟೆಗೆ ಹಿಡಿಸುವಷ್ಟು ಸಣ್ಣವನ್ನೇ ಹಿಡಿದರೆ ಒಮ್ಮೆಯೂ ಮೊಟ್ಟೆಯಿಡದವು ಹೋಗುತ್ತವೆ. ನೆಪೋಲಿಯನ್ ಮೀನಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2004ರಲ್ಲಿ ನಿಯಂತ್ರಣ ಬಂತು.

ಈ ಕೆಲಸಕ್ಕೆ ಬೇಕಾದ ಕಂಪ್ರೆಸರ್ ಮತ್ತು ವಿಷ ಎರಡನ್ನೂ ಬಹುತೇಕ ಕೊಡುವವನು ಮೀನು ಕೊಳ್ಳುವವನೇ, ಮುಂಗಡದ ಲೆಕ್ಕದಲ್ಲಿ. ಕಂಪ್ರೆಸರ್ ಎಂದರೆ ನಮ್ಮ ಪಂಕ್ಚರ್ ಅಂಗಡಿಯಲ್ಲಿ ಇರುವಂಥದ್ದೇ, ಅದಕ್ಕೆ ಉದ್ದನೆಯ ಪ್ಲಾಸ್ಟಿಕ್ ಪೈಪು. ಎಂಜಿನ್ ಹೊಗೆ ಒಳಕ್ಕೆ ಸೇರಿದರೆ ಕೆಳಗಿರುವವನು ಅದನ್ನೇ ಉಸಿರಾಡುತ್ತಾನೆ. ಆಳದಲ್ಲಿ ಗಂಟೆಗಟ್ಟಲೆ ಒತ್ತಡದ ಗಾಳಿ ಎಳೆದಾಗ ಸಾರಜನಕ ಮೈಯಲ್ಲಿ ಕರಗಿ ತುಂಬುತ್ತದೆ. ಸರಸರನೆ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲಿಗೆ, ಬೆನ್ನುಹುರಿಗೆ ನುಗ್ಗುತ್ತದೆ. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮುಳುಗುಗಾರರು ಆ ಹಳ್ಳಿಗಳಲ್ಲಿ ಅಪರೂಪವಲ್ಲ. ದೊಡ್ಡ ಗುಲ್ಮ ಇದಕ್ಕೆ ಏನೂ ಮಾಡಲಾರದು, ಅದರ ಉಪಯೋಗ ಒಂದು ಉಸಿರಿನ ಮುಳುಗಿಗೆ.

ಬಾಜೊಗಳ ಸಂಪ್ರದಾಯದಲ್ಲೇ ಕಡಲ ರಕ್ಷಣೆ ಇದೆಯಲ್ಲ ಎಂದು ಕೇಳುವವರಿಗೆ ನಮ್ಮ ಉತ್ತರ: ಇದೆ, ಆದರೆ ನೀವು ಅಂದುಕೊಂಡ ರೂಪದಲ್ಲಿಲ್ಲ. ಸುಲಾವೆಸಿಯ ಕೆಲವು ಕಡೆ ವಾರಗಟ್ಟಲೆ ದೂರ ಹೋಗುವ ಬಾಪೊಂಗ್ಕಾ ಎಂಬ ಪ್ರಯಾಣದಲ್ಲಿ ಮೆಣಸಿನಕಾಯಿ ತೊಳೆದ ನೀರು, ಕಾಫಿ ಚರಟ, ಬೂದಿಯಂಥವನ್ನು ಸಮುದ್ರಕ್ಕೆ ಚೆಲ್ಲಬಾರದೆಂಬ ಕಟ್ಟುಪಾಡಿದೆ. ಕಡಲಿಗೆ ಹಿರಿಯರಿದ್ದಾರೆ, ಮೀನು ಅವರು ಕೊಡುವ ಪಾಲು ಎಂಬ ನಂಬಿಕೆ ಆಳವಾಗಿದೆ. ಈ ನಂಬಿಕೆಯೇ ಇನ್ನೊಂದು ಕಡೆಗೂ ಎಳೆಯುತ್ತದೆ. ಮೀನು ಕಡಿಮೆಯಾದರೆ ಹಿರಿಯರು ಮುನಿದಿದ್ದಾರೆ, ಅಥವಾ ಮೀನು ಬೇರೆಡೆ ಹೋಗಿದೆ ಎಂದು ಅರ್ಥ. ಹಿಡಿದು ಮುಗಿಸಿದ್ದೇವೆ ಎಂಬ ಆಲೋಚನೆ ಸುಲಭವಾಗಿ ಬರುವುದಿಲ್ಲ. ಮನೆಗೆ ತಳಪಾಯ ಹಾಕಲು ಹವಳದ ಬಂಡೆಯನ್ನೇ ಕಿತ್ತು ತಂದದ್ದೂ ಇದೇ ಜನ.

ಸುಲಾವೆಸಿಯ ಆಗ್ನೇಯಕ್ಕಿರುವ ವಕಟೋಬಿ ರಾಷ್ಟ್ರೀಯ ಉದ್ಯಾನ ಇವೆಲ್ಲ ಸೇರುವ ಜಾಗ. 1996ರಲ್ಲಿ ಘೋಷಣೆ, ವಿಸ್ತೀರ್ಣ 13,90,000 ಹೆಕ್ಟೇರ್. ಒಳಗೆ ಮೋಲಾ, ಸಂಪೇಲಾ, ಮಂತಿಗೋಲಾದಂಥ ಬಾಜೊ ಊರುಗಳಿವೆ. 2007ರಲ್ಲಿ ವಲಯಗಳನ್ನು ಹೊಸದಾಗಿ ಗುರುತಿಸಿದರು. ಯಾರೂ ಕಾಲಿಡಬಾರದ ಕೇಂದ್ರ ವಲಯ ಬರೀ 1,300 ಹೆಕ್ಟೇರ್. ಮೀನು ಹಿಡಿಯಬಾರದ ಕಡಲ ರಕ್ಷಣಾ ವಲಯ 36,450, ಪ್ರವಾಸೋದ್ಯಮಕ್ಕೆ 6,180. ಸ್ಥಳೀಯರ ಬಳಕೆಗೆ 8,04,000. ಉಳಿದದ್ದರಲ್ಲಿ ಹೆಚ್ಚಿನದು ಆಳ ಸಮುದ್ರದ ಸಾಮಾನ್ಯ ಬಳಕೆಗೆ. ಕೇಂದ್ರ ವಲಯ ಸಣ್ಣದಾಯಿತು ಎಂದು ಟೀಕಿಸಿದವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ನೋಡಿಕೊಳ್ಳಲಾಗದ ದೊಡ್ಡ ನಿಷೇಧಕ್ಕಿಂತ, ಊರಿನವರಿಗೆ ಮೊದಲ ಹಕ್ಕು ಕೊಟ್ಟ ದೊಡ್ಡ ಬಳಕೆಯ ವಲಯವೇ ಹೆಚ್ಚು ಕೆಲಸ ಮಾಡುತ್ತದೆ. ಹೊರಗಿನ ದೋಣಿ ಬಂದಾಗ ಓಡಿಸಲು ಅವರಿಗೊಂದು ಕಾರಣ ಸಿಗುತ್ತದೆ.

ಚೂರಾದ ಹವಳವನ್ನು ಮತ್ತೆ ಕೂಡಿಸುವ ಕೆಲಸ ಮಕಾಸ್ಸರ್ ಎದುರಿನ ಸ್ಪೆರ್ಮೊಂಡ್ ದ್ವೀಪಗಳಲ್ಲಿ ಚೆನ್ನಾಗಿ ನಡೆದಿದೆ. ಕಬ್ಬಿಣದ ಸರಳಿನ ಆರು ಮೂಲೆಯ ಚೌಕಟ್ಟಿಗೆ ರಾಳ ಬಳಿದು ಮರಳು ಅಂಟಿಸುತ್ತಾರೆ, ಒಂದೊಂದಕ್ಕೆ ಸುಮಾರು 15 ಜೀವಂತ ಹವಳದ ತುಂಡು ಕಟ್ಟುತ್ತಾರೆ. ಚೌಕಟ್ಟುಗಳನ್ನು ಒಂದಕ್ಕೊಂದು ಬಿಗಿದು ಚೂರಿನ ಬಯಲಿನ ಮೇಲೆ ಹಾಸಿದಾಗ ಚೂರು ಉರುಳುವುದು ನಿಲ್ಲುತ್ತದೆ. ನಾಲ್ಕು ವರ್ಷದಲ್ಲಿ ಹವಳದ ಸುಣ್ಣ ಕಟ್ಟುವ ವೇಗ ಆರೋಗ್ಯವಂತ ದಿಬ್ಬದ ಮಟ್ಟಕ್ಕೆ ಬಂದಿತ್ತು ಎಂದು 2024ರ ಅಧ್ಯಯನ ತೋರಿಸಿತು. ಕಟ್ಟಿದ್ದು ಸಡಿಲವಾದರೆ ತುಂಡು ಅಲ್ಲಾಡಿ ಸಾಯುತ್ತದೆ, ಪಾಚಿ ಮತ್ತು ಹವಳ ತಿನ್ನುವ ಬಸವನಹುಳುವನ್ನು ಮೊದಲ ತಿಂಗಳುಗಳಲ್ಲಿ ತೆಗೆಯುತ್ತಲೇ ಇರಬೇಕು. ನೆಟ್ಟದ್ದು ಹೆಚ್ಚಾಗಿ ಕವಲೊಡೆಯುವ ಜಾತಿಗಳಾದ್ದರಿಂದ ಸಮುದ್ರ ಬಿಸಿಯಾದಾಗ ಬಿಳಿಚುವ ಅಪಾಯವೂ ಅವಕ್ಕೇ ಹೆಚ್ಚು.

ಸಾಲದ ಸುಳಿಯೊಳಗೇ ನಿಂತು ಮಾಡಬಹುದಾದ ರಕ್ಷಣೆ ಎಂದರೆ ಅಷ್ಟಪದಿ, ಅಂದರೆ ಆಕ್ಟೋಪಸ್ ಸಿಗುವ ದಿಬ್ಬಗಳನ್ನು ಕೆಲಕಾಲ ಮುಚ್ಚಿಡುವುದು. 2004ರಲ್ಲಿ ಮಡಗಾಸ್ಕರಿನ ಆಂಡವಡೋಕಾದಲ್ಲಿ ವೆಜೊ ಮೀನುಗಾರರು ಇದನ್ನು ಮಾಡಿ ತೋರಿಸಿದರು, ಈಗ ಸುಲಾವೆಸಿಯ ಕೆಲವು ಹಳ್ಳಿಗಳೂ ಹಿಡಿದಿವೆ. ಇದು ನಡೆಯುವುದಕ್ಕೆ ಕಾರಣ ಪ್ರಾಣಿಯ ಆಯುಸ್ಸು. ಈ ಅಷ್ಟಪದಿ ಬದುಕುವುದೇ ಒಂದು, ಒಂದೂವರೆ ವರ್ಷ, ಎಳೆಯದಿದ್ದಾಗ ಬೆಳೆಯುವ ವೇಗ ವಿಪರೀತ. ಇವತ್ತು ಅರ್ಧ ಕಿಲೋ ಇರುವುದನ್ನು ಎರಡು ಮೂರು ತಿಂಗಳು ಬಿಟ್ಟರೆ ತೂಕ ಎರಡು ಪಟ್ಟು ದಾಟುತ್ತದೆ. ದಿಬ್ಬದ ಐದರಲ್ಲಿ ಒಂದು ಪಾಲನ್ನು ಮಾತ್ರ ಮುಚ್ಚುತ್ತಾರೆ, ಉಳಿದ ಕಡೆ ದಿನದ ಸಂಪಾದನೆ ನಡೆಯುತ್ತಿರುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ತೆರೆಯುವ ದಿನವನ್ನು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಹೊಂದಿಸುತ್ತಾರೆ.

ಕೆಡುವುದೂ ಆ ದಿನವೇ. ಸುತ್ತಲಿನ ಊರೆಲ್ಲ ನುಗ್ಗಿದರೆ ಮೂರು ತಿಂಗಳು ಕಾದದ್ದು ಎರಡು ದಿನದಲ್ಲಿ ಖಾಲಿ. ಒಂದೇ ಸಲ ರಾಶಿ ಬಂದರೆ ಕೊಳ್ಳುವವನು ದರ ಇಳಿಸುತ್ತಾನೆ. ಮೊಟ್ಟೆ ಕಾಯುತ್ತಾ ಬಿಲದಲ್ಲಿ ಕೂತ ಹೆಣ್ಣನ್ನು ಎಳೆದರೆ ಮುಂದಿನ ಪೀಳಿಗೆಯೇ ಹೋಯಿತು, ಅದು ಬದುಕಿನಲ್ಲಿ ಒಮ್ಮೆ ಮಾತ್ರ ಮೊಟ್ಟೆಯಿಟ್ಟು, ಮರಿಯಾಗುವ ಹೊತ್ತಿಗೆ ಸಾಯುವ ಪ್ರಾಣಿ. ಆದ್ದರಿಂದ ಮುಚ್ಚುವ ಮೊದಲೇ ಕೊಳ್ಳುವವನನ್ನು ಕೂರಿಸಿಕೊಂಡು ದರ ಮತ್ತು ಕನಿಷ್ಠ ತೂಕದ ಮಾತು ಮುಗಿಸಿರಬೇಕು. ಅವನು ಸಣ್ಣದನ್ನು ಕೊಳ್ಳುವುದಿಲ್ಲ ಎಂದರೆ ಹಿಡಿಯುವವರು ತಾವಾಗಿಯೇ ಬಿಡುತ್ತಾರೆ. ಪುಂಗಾವನನ್ನು ಹೊರಗಿಟ್ಟು ಮಾಡಿದ ಯೋಜನೆಗಳು ಬಾಳಿಕೆ ಬರುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ನಡೆದದ್ದು ಸೆಂಪೋರ್ನಾದಲ್ಲಿ. ಸಬಾದ ತುನ್ ಸಕರಾನ್ ಕಡಲ ಉದ್ಯಾನದ ದ್ವೀಪಗಳಲ್ಲಿ 2024ರ ಜೂನ್‌ನಲ್ಲಿ ಅಧಿಕಾರಿಗಳು ಬಾಜಾವ್ ಲಾವುತ್ ಜನರ ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು, ಕೆಲವನ್ನು ಸುಟ್ಟರು. ಐನೂರಕ್ಕೂ ಹೆಚ್ಚು ಜನ ಬೀದಿಪಾಲಾದರು. ಕೊಟ್ಟ ಕಾರಣ ಎರಡು: ಉದ್ಯಾನದಲ್ಲಿ ಅನಧಿಕೃತ ಕಟ್ಟಡ, ಗಡಿಯಾಚೆಯ ಅಪರಾಧದ ಭಯ. ಕಡಲ್ಗಳ್ಳತನದ ಹಳೆಯ ಹಣೆಪಟ್ಟಿ ಮತ್ತು ಕಡಲ ರಕ್ಷಣೆಯ ಹೊಸ ಹೆಸರು ಎರಡೂ ಒಂದೇ ಆದೇಶದಲ್ಲಿ ಬಂದದ್ದು ನೋವಿನ ಸಂಗತಿ. ಅವರಲ್ಲಿ ಬಹಳಷ್ಟು ಜನರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಮಕ್ಕಳಿಗೆ ಶಾಲೆಯಿಲ್ಲ. ಅವರನ್ನು ಹೊರಹಾಕಿದ ಮಾತ್ರಕ್ಕೆ ಹಾಂಗ್‌ಕಾಂಗಿಗೆ ಹೋಗುವ ಗ್ರೂಪರ್ ಕಡಿಮೆಯಾಗುವುದಿಲ್ಲ.

ನಮ್ಮ ಕಡೆ ಕೆರೆ ಗುತ್ತಿಗೆ ಹಿಡಿಯುವ ಮೀನುಗಾರರ ಸಂಘಗಳವರು ಇದನ್ನು ಓದುತ್ತಿದ್ದರೆ ಒಂದೆರಡು ಕೆಲಸದ ಮಾತು. ಕೆರೆಗೆ ತೋಟೆ (ಸಿಡಿಮದ್ದು) ಹಾಕುವುದು, ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕಲ್ಲುಕ್ವಾರಿಗಳಿರುವ ಚಿಕ್ಕಬಳ್ಳಾಪುರದ ಕಡೆ ಜಿಲೆಟಿನ್ ಕೈಗೆ ಸಿಗುವುದು ಕಷ್ಟವಲ್ಲ, ಹಾಗಾಗಿ ಸಂಘದವರೇ ಕಣ್ಣಿಟ್ಟಿರಬೇಕು. ಮುಂಗಡ ಕೊಟ್ಟು ಸಂಘದ ಹೆಸರಿನಲ್ಲಿ ಕೆರೆ ಹಿಡಿಸುವವನಿದ್ದರೆ, ಮೀನಿನ ಕನಿಷ್ಠ ತೂಕವನ್ನು ಅವನೊಂದಿಗೆ ಮೊದಲೇ ಬರೆದುಕೊಳ್ಳಿ.

ಕಡಲಿನ ಲೆಕ್ಕವನ್ನು ಕೆರೆಗೆ ಹಾಗೇ ತರಬೇಡಿ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿವ ಹೊಳೆ ಬೇಕು. ಬಿಟ್ಟ ಮರಿ ಬಿಟ್ಟಷ್ಟೇ, ಹಿಡಿಯದೆ ಕಾದರೆ ತೂಕ ಹೆಚ್ಚುತ್ತದೆ, ಸಂಖ್ಯೆ ಹೆಚ್ಚುವುದಿಲ್ಲ. ಕೊರಮೀನಿನ ವಿಷಯದಲ್ಲಿ ಮಾತ್ರ ಮುಚ್ಚಿಡುವುದರಿಂದ ಸಂಖ್ಯೆಯೂ ಹೆಚ್ಚುತ್ತದೆ. ಅದು ಮಳೆಗಾಲದಲ್ಲಿ ಕೆರೆಯ ಅಂಗಳದ ಕಡೆ, ಜೊಂಡಿನ ನಡುವೆ ಗೂಡು ಮಾಡುತ್ತದೆ. ಕೆಂಪಗಿನ ಮರಿಗಳು ಒಂದೇ ಉಂಡೆಯಂತೆ ಸುತ್ತುತ್ತಿರುತ್ತವೆ, ತಾಯಿತಂದೆ ಕೆಳಗೇ ಕಾವಲಿರುತ್ತವೆ. ಮರಿಯ ಗುಂಪು ಕಂಡ ಕಡೆ ಗಾಳ ಹಾಕಿದರೆ ದೊಡ್ಡದು ಕೂಡಲೇ ಸಿಗುತ್ತದೆ, ಆ ಸಂಜೆಯೊಳಗೆ ಮರಿಗಳನ್ನು ಬೇರೆ ಮೀನು ಮುಗಿಸುತ್ತವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬಂದ ಕೋಲಾರದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದರಿಂದ ದೊಡ್ಡ ಕೊರಮೀನು ಉಳಿಯುವ ಅವಕಾಶ ಈಗ ಮೊದಲಿಗಿಂತ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಜೊಂಡಿನ ಅಂಚಿಗೆ ನಾಲ್ಕು ಗೂಟ ಹೊಡೆದು, ಅಲ್ಲಿ ಗಾಳ, ಬಲೆ ಬೇಡ ಎಂದು ಸಂಘದ ಸಭೆಯಲ್ಲೇ ಗೊತ್ತುಮಾಡಿಕೊಳ್ಳಿ. ಜೊಂಡನ್ನು ಪೂರ್ತಿ ಕಿತ್ತು ಸ್ವಚ್ಛ ಮಾಡುವ ಗುತ್ತಿಗೆಯನ್ನು ಆ ಮೂರು ತಿಂಗಳು ಮುಂದೂಡಿ.